ಭಾನುವಾರದ ಓದಿಗೆ ಹಾರ್ಲೆಮ್ ಕಥೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 5ಕ್ಕೆ ಅಮೆರಿಕದ ಲೇಖಕ ಜೇಮ್ಸ್ ಬಾಲ್ಡ್ವಿನ್ನರ ‘ಸೋನೀಸ್ ಬ್ಲೂಸ್’ (1957) ಕಥೆಯ ಚರ್ಚೆ. ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನಲ್ಲಿ ನಡೆಯುವ ಈ ಕಥೆಯನ್ನು ಹೇಳುವವನು ಸೋನಿಯ ಅಣ್ಣ. ಎಲ್ಲರೂ ಓದಿಕೊಂಡೇ ಬನ್ನಿ.

ಕಥೆ ಸೋನಿಯ ಬಂಧನದಿಂದ ಶುರುವಾಗಿ ಹಿಂದಕ್ಕೆ ಹೋಗಿ ಮರಳುತ್ತದೆ. ಕಾಲ ಬದಲಾದಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿ. ಇಲ್ಲದಿದ್ದರೆ ತಾಯಿ ಹೇಳುವ ಪ್ರಸಂಗ ಕಣ್ತಪ್ಪುತ್ತದೆ. ಅಲ್ಲಿ ಕುಡಿದ ಬಿಳಿಯರು ತಂದೆಯ ಸೋದರನ ಮೇಲೆ ಕಾರು ಹರಿಸಿ ನಿಲ್ಲಿಸದೇ ಹೋಗುತ್ತಾರೆ. ಇಲ್ಲಿ ಹೆರಾಯಿನ್ ಎಂಬ ಮಾದಕವಸ್ತುವಿಗಾಗಿ ಸೋನಿ ಪೊಲೀಸರಿಗೆ ಸಿಕ್ಕಿಬೀಳುತ್ತಾನೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ‘ಹುಡುಗ ಹಾಳಾದ’ ಎಂದಷ್ಟೇ ಓದಿದರೆ ಕಥೆಯೇ ಕೈಜಾರುತ್ತದೆ. ಅಣ್ಣ ವಾಸವಿರುವ ವಸತಿ ಸಮುಚ್ಚಯದ ವರ್ಣನೆ ಚಿಕ್ಕದು, ಆದರೂ ದಾಟಿಹೋಗಬೇಡಿ.

ಕೊನೆಯಲ್ಲಿ ಸೋನಿ ಪಿಯಾನೊ ನುಡಿಸುವ ಕ್ಲಬ್ಬಿನ ದೃಶ್ಯವನ್ನು ಗಟ್ಟಿಯಾಗಿ ಓದಲು ಇಬ್ಬರು ಬೇಕು. ಬರುವವರು, ಓದುವವರು ಗುರುವಾರದೊಳಗೆ ಇಲ್ಲೇ ತಿಳಿಸಿ.