ಮಗಳ, ನೀ ಕಳಿಸಿದ ಲಿಂಕ್ ನೋಡಿದ್ನಿ

ತಿಕೋಟಾ, ವಿಜಯಪುರ ಜಿಲ್ಲಾ

ಮಗಳ, ಕಾಕಾನ ಆಶೀರ್ವಾದ.

ನೀ ಕಳಿಸಿದ ಲಿಂಕ್ ಮೊನ್ನೆ ರಾತ್ರಿ ಉಂಡ ಮ್ಯಾಲ ಒತ್ತಿ ನೋಡಿದ್ನಿ, ನಿಮ್ಮ ಕಾಕೂನೂ ಬಾಜೂಕ ಕುಂತಿದ್ಲು. ನಮ್ಮ ಮನಿ ಮಣೂಕ, ಅಂದ್ರ ಒಣದ್ರಾಕ್ಷಿ, ಮಾರಾಕ ಇಡೀ ವೆಬ್‌ಸೈಟ್ ನೀ ಒಬ್ಬಾಕಿನ ಮಾಡೀದಿ ಅಂದ್ರ ಎದಿ ಉಬ್ಬತೈತಿ. ಅದನ್ನ ಮೊದಲ ಹೇಳ್ತೀನಿ, ಯಾಕಂದ್ರ ಮುಂದ ಬರೇ ತಪ್ಪ ಹುಡುಕೂದ ಐತಿ.

ಸಣ್ಣಾಕಿದ್ದಾಗ ನನ್ನ ಜೋಡಿ ವಿಜಯಪುರ ಎಪಿಎಂಸಿಗೆ ಬರ್ತಿದ್ದಿ, ನೆನಪೈತೇನ? ವ್ಯಾಪಾರಿ ಬಾಕ್ಸ್ ಬಾಯಿ ತಗದು ಒಂದ ಮುಷ್ಟಿ ಕೈಯಾಗ ಹಿಡದು ಬೆಳಕಿಗೆ ನೋಡ್ತಾನ, ಒಂದ ಕಾಳ ಬಾಯಾಗ ಹಾಕ್ಕೊಳ್ಳೂದ್ರಾಗನ ಅವನ ತಲ್ಯಾಗ ರೇಟ್ ಕೂತಿರ್ತೈತಿ, ರುಚಿ ಆಮ್ಯಾಲಿನ ಮಾತು. ವೆಬ್‌ಸೈಟಿಂದೂ ಹಂಗಂತ. ನಿಮ್ಮಣ್ಣ ಓದಿ ಹೇಳಿದ, ಕೆನಡಾದ ಕಾರ್ಲ್‌ಟನ್ ಯೂನಿವರ್ಸಿಟಿಯವ್ರು 2006ರಾಗ ತೋರಿಸ್ಯಾರ, ಪುಟ ಬರೇ 50 ಮಿಲಿಸೆಕೆಂಡ್ ಕಂಡ್ರ ಸಾಕು, ಅಂದ್ರ ಒಂದ ಸೆಕೆಂಡನ್ನ 20 ತುಂಡ ಮಾಡಿದ್ರ ಅದ್ರಾಗ ಒಂದ ತುಂಡು, ಚಂದ ಐತೋ ಇಲ್ಲೋ ಅಂತ ಮನಸ್ಸು ಆಗ್ಲೇ ಠರಾಯಿಸಿಬಿಡ್ತೈತಿ. ಸ್ಟ್ಯಾನ್‌ಫರ್ಡ್‌ನವ್ರು 2002ರಾಗ 2,684 ಮಂದಿಗೆ ಯಾವ ಸೈಟ್ ನಂಬ್ತೀರಿ, ಯಾಕ ನಂಬ್ತೀರಿ ಅಂತ ಕೇಳಿದ್ರ, ಅವ್ರು ಬರದ ಮಾತಿನಾಗ ನೂರಕ್ಕ 46 ಪುಟ ಹೆಂಗ ಕಾಣ್ತೈತಿ ಅನ್ನೂದರ ಮ್ಯಾಲನ ಇದ್ದುವಂತ.

ಹಂಗಂತ ಬರೇ ಬಣ್ಣ ಹಚ್ಚಬ್ಯಾಡ. ದ್ರಾಕ್ಷಿ ಒಣಗ್ಸೂವಾಗ ಕೊಡೂ ಗಂಧಕದ ಹೊಗಿ ನಿನಗ ಗೊತ್ತೈತಿ. ಹದದಾಗ ಕೊಟ್ರ ಕಾಳಿನ ಬಣ್ಣ ನಿಲ್ತೈತಿ, ಜಾಸ್ತಿ ಆದ್ರ ಬಂಗಾರದಂಗ ಹೊಳಿತೈತಿ ಖರೆ, ಆದ್ರ ಬಾಕ್ಸ್ ತಗದ ಕೂಡ್ಲೆ ಮೂಗಿಗೆ ಹೊಡಿತೈತಿ, ಆ ಗಿರಾಕಿ ಮತ್ತ ಈ ಕಡೆ ಹಾಯೂದಿಲ್ಲ. ನಿನ್ನ ಪುಟದಾಗ ನನಗ ಆ ವಾಸನಿ ಬಂದಿದ್ದು ಗಡಿಯಾರ ನೋಡಿದಾಗ. ‘ಇನ್ನ 10 ನಿಮಿಷದಾಗ ಆಫರ್ ಮುಗಿತೈತಿ’ ಅಂತ ಓಡಾಕತ್ತಿತ್ತು, ನಾ ಬಂದ್ ಮಾಡಿ ಮತ್ತ ತಗದ್ನಿ, ಮತ್ತ 10ರಿಂದ ಶುರು! ನಿಮ್ಮ ಕಾಕು ‘ನಮ್ಮ ಹುಡುಗಿ ಸುಳ್ಳ ಹೇಳೂದು ಯಾವಾಗ ಕಲಿತ್ಲ’ ಅಂದ್ಲು. ಅದನ್ನ ಇವತ್ತ ತಗದ ಹಾಕು. ಕೇಂದ್ರ ಸರ್ಕಾರನೂ 2023ರ ನವೆಂಬರ್‌ದಾಗ ಇಂಥಾ 13 ತರದ ಆಟ ನಡ್ಯಂಗಿಲ್ಲ ಅಂತ ಗೈಡ್‌ಲೈನ್ಸ್ ತಂದೈತಿ, ಸುಳ್ಳ ಅವಸರ ಹಚ್ಚೂದು ಅದ್ರಾಗ ಒಂದು. ಕಿಲೋ ರೇಟ್ ಮುಂದ ತೋರ್ಸಿ ಕೊರಿಯರ್ ಖರ್ಚು ಕಡೀಕ ಬಿಲ್ಲಿನಾಗ ತುರುಕೂದೂ ಒಂದು. ಅದನ್ನೂ ನೀ ಮಾಡೀದಿ!

ಫೋಟೋದ ಕಥಿ ಇನ್ನೊಂದು. ಮೊದಲ ಪುಟದಾಗ ಹಾಕಿದ ದ್ರಾಕ್ಷಿ ಕರೀದು, ನಾವ ಬೆಳಿಯೂದು ಹಸಿರದು. ಎಲ್ಲಿದೋ ಫಾರಿನ್ ಫೋಟೋ ಅಂತ ಈ ಕಡೆ ರೈತ ಯಾರ ನೋಡಿದ್ರೂ ಹೇಳ್ತಾನ. ನಮ್ಮ ಶೆಡ್ ಹಾಕು, ಜಾಳಿಗಿ ಮ್ಯಾಲ ಹರವಿದ ಕಾಳ ಹಾಕು, ಕೈ ಸ್ವಲ್ಪ ಹೊಲಸ ಕಂಡ್ರೂ ನಡಿತೈತಿ. ಮತ್ತ ಫೋಟೋ ಹಗುರ ಮಾಡಿ ಹಾಕು, ನಮ್ಮ ತ್ವಾಟದಾಗ ಒಂದ ಕಡ್ಡಿ ನೆಟ್‌ವರ್ಕ್ ಬರ್ತೈತಿ, ಅದು ಬಿಚ್ಚಿಕೊಳ್ಳೂದ್ರಾಗ ನಾ ಒಂದ ಕಪ್ ಚಾ ಕುಡದು ಮುಗಿಸಿದ್ನಿ.

ಕನ್ನಡ ಅಕ್ಷರ ಬಗ್ಗೆ ನನಗ ಭಾಳ ಬ್ಯಾಸರಾತು. ಸಾಲಿನ ನಡುವ ಜಾಗ ಕಡಿಮಿ ಬಿಟ್ಟೀದಿ, ಇಂಗ್ಲಿಷಿಗೆ ಅದು ಸಾಕು, ನಮ್ಮ ಒತ್ತಕ್ಷರ ಕೆಳಗ ಇಳಿತಾವ, ಅವು ಕತ್ತರಿಸಿ ಹೋಗ್ಯಾವ. ದೊಡ್ಡ ಹೆಡ್ಡಿಂಗ್‌ದಾಗ ‘ದ್ರಾಕ್ಷಿ’ ಹೋಗಿ ‘ದಾಕಿ’ ಆಗೈತಿ. ತನ್ನ ಮಾಲಿನ ಹೆಸರ ನೆಟ್ಟಗ ಬರಿಯಾಕ ಬರದವ್ರು ತೂಕ ನೆಟ್ಟಗ ಕೊಡ್ತಾರ ಅಂತ ಯಾರ ನಂಬ್ತಾರ ಹೇಳು.

ವಿಳಾಸ ಎಲ್ಲಿ? ಹೋದ ವರ್ಷ ನಾ ಒಂದ ಸೈಟಿನಾಗ ಸ್ಪ್ರೇ ಪಂಪಿಗೆ ರೊಕ್ಕ ಹಾಕಿದ್ನಿ, ನಿಂದಕ್ಕಿಂತ ಚಂದ ಇತ್ತು, ಪಂಪೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಆಮ್ಯಾಲ ಹುಡುಕಿದ್ರ ಇಡೀ ಸೈಟಿನಾಗ ಊರಿನ ಹೆಸರ ಸುದ್ದಾ ಇದ್ದಿಲ್ಲ. ಅವತ್ತಿಂದ ನಾ ಯಾವ ಪುಟ ತಗದ್ರೂ ಮೊದಲ ತಳಕ್ಕ ಹೋಗ್ತೀನಿ. ನೀ ತಳದಾಗ ನಮ್ಮ ಹೆಸರು, ಊರು, ನನ್ನ ನಂಬರ್, ಎಫ್‌ಎಸ್‌ಎಸ್‌ಎಐ ಅಂದ್ರ ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರದವ್ರು ಕೊಡೂ 14 ಅಂಕಿ ಲೈಸೆನ್ಸ್ ನಂಬರ್, ಮಾಲ ಸರಿ ಇಲ್ಲಂದ್ರ ಏನ ಮಾಡ್ತೀವಿ, ಎಲ್ಲಾ ಬರಿ. ಮ್ಯಾಲ ‘ನಾಟ್ ಸೆಕ್ಯೂರ್’ ಅಂತ ಬರಾಕತ್ತೈತಿ, ಎಚ್‌ಟಿಟಿಪಿಎಸ್, ಅಂದ್ರ ಗಿರಾಕಿ ತುಂಬಿದ ಮಾಹಿತಿ ನಡುವ ಯಾರೂ ಓದದಂಗ ಕಾಯೂ ಬೀಗ, ಇಲ್ಲದ್ದಕ್ಕ ಕ್ರೋಮ್‌ನವ್ರು 2018ರಿಂದ ಹಂಗ ತೋರಿಸ್ತಾರಂತ, ಅದನ್ನೂ ಸರಿ ಮಾಡು. ಅದಿದ್ದವ್ರೆಲ್ಲಾ ಪ್ರಾಮಾಣಿಕರೇನಲ್ಲ, ನನಗ ಟೋಪಿ ಹಾಕಿದ ಸೈಟಿಗೂ ಇತ್ತು.

ಐತವಾರ ಮುಂಜಾನೆ ಬಾ, ಫೋಟೋ ತಗಿಯೂಣು. ಬಿಸಲ ಏರೂಕಿಂತ ಮೊದಲ ಶೆಡ್ಡಿನಾಗ ಬೆಳಕ ಚಲೋ ಇರ್ತೈತಿ, ಆಮ್ಯಾಲ ಶೆಡ್ಡಿಗೆ ಕಟ್ಟಿದ ಹಸಿರ ಬಲೆಯ ನೆರಳು ಬಿದ್ದು ಎಲ್ಲಾ ಹಸಿರ ಕಾಣ್ತೈತಿ. ಫೋನ್ ಚಾರ್ಜ್ ಮಾಡ್ಕೊಂಡ ಬಾ, ತ್ವಾಟದಾಗ ಕರೆಂಟಿನ ಭರವಸಿ ಇಲ್ಲ.

ನಿಮ್ಮ ಕಾಕಾ