ಅಳಿಸುವ ಕತೆ ಯಾಕೆ ಕೊಡುತ್ತೀರಿ ಎಂದು ಕೇಳಿದವರಿಗೆ

ಪ್ರೀತಿಯ ಪೋಷಕರೇ,

ಹೋದ ವಾರ ಒಬ್ಬರು ತಾಯಿ ನನ್ನ ಕೋಣೆಗೆ ಬಂದಿದ್ದರು. ಕೈಯಲ್ಲಿ ನಮ್ಮ ಲೈಬ್ರರಿಯ ಪುಸ್ತಕ. "ಮೇಡಂ, ರಾತ್ರಿ ಇದನ್ನು ಓದಿ ಅತ್ತಿದ್ದಾಳೆ. ದಿಕ್ಕಿಲ್ಲದ ಮಕ್ಕಳ ಕತೆಯೇ ಯಾಕೆ ಕೊಡ್ತೀರಿ? ಖುಷಿಯ ಕತೆ ಇಲ್ವಾ?" ಅಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ಮಾತು ಅರ್ಧಕ್ಕೇ ನಿಂತಿತು. ಇದೇ ಪ್ರಶ್ನೆ ನಿಮ್ಮಲ್ಲಿ ಇನ್ನೂ ಕೆಲವರಿಗೆ ಇರಬಹುದು. ಅದಕ್ಕೇ ಈ ಪತ್ರ.

ಇಂಥ ಕತೆ ಹೊಸದೇನಲ್ಲ. ಧ್ರುವನನ್ನು ನೆನಪಿಸಿಕೊಳ್ಳಿ. ಮಲತಾಯಿಯ ಮಗ ಅಪ್ಪನ ತೊಡೆಯ ಮೇಲೆ ಕೂತಿದ್ದಾನೆ. ತನಗೂ ಕೂರಬೇಕು ಅನ್ನಿಸಿದೆ. ಸುರುಚಿ ಬಿಡಲಿಲ್ಲ. ನಾವು ದೊಡ್ಡವರು ತಪಸ್ಸು, ನಕ್ಷತ್ರ ಅಂತ ಮುಂದೆ ಓಡಿಬಿಡುತ್ತೇವೆ. ಮಕ್ಕಳು ಮಾತ್ರ ಆ ತೊಡೆಯ ಹತ್ತಿರವೇ ನಿಂತಿರುತ್ತಾರೆ. ಒಮ್ಮೆ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ: "ಅವರಪ್ಪ ಯಾಕೆ ಸುಮ್ನೆ ಕೂತಿದ್ರು?" ಎಷ್ಟೋ ಸಲ ಹೇಳಿದ ಕತೆ ಅದು. ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ಕತೆಯ ಮಕ್ಕಳು ಹುಡುಕುವುದು ಬಹಳ ಸಣ್ಣದನ್ನು. 1847ರಲ್ಲಿ ಬಂದ 'ಜೇನ್ ಐರ್'ನ ಜೇನ್, ಅತ್ತೆಯ ಮನೆಯಲ್ಲಿ ಯಾರಿಗೂ ಬೇಡದ ಹುಡುಗಿ. ಬಣ್ಣ ಹೋದ ಒಂದು ಗೊಂಬೆ ಪಕ್ಕದಲ್ಲಿ ಇಲ್ಲದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ. ಅದು ಬೆಚ್ಚಗಿದ್ದರೆ ಅದಕ್ಕೂ ಖುಷಿ ಅಂತ ಅವಳ ನಂಬಿಕೆ. 'ಆನ್ ಆಫ್ ಗ್ರೀನ್ ಗೇಬಲ್ಸ್'ನ ಅನಾಥೆ ಆನ್, ಬೀರುವಿನ ಗಾಜಿನಲ್ಲಿ ಕಾಣುವ ತನ್ನದೇ ಮುಖಕ್ಕೆ ಕೇಟಿ ಮಾರಿಸ್ ಅಂತ ಹೆಸರಿಟ್ಟು ಗಂಟೆಗಟ್ಟಲೆ ಮಾತಾಡುತ್ತಾಳೆ. ಇದನ್ನು ಬರೆದ ಮಾಂಟ್‌ಗೊಮೆರಿ ಎರಡು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವರು. ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದರು. ಆ ಗಾಜಿನ ಗೆಳತಿ ಅವರ ಬಾಲ್ಯದಲ್ಲೇ ಇದ್ದವಳು.

ಎಲ್ಲರೂ ದಿಕ್ಕಿಲ್ಲದವರೂ ಅಲ್ಲ. 1988ರ 'ಮಟಿಲ್ಡಾ'ದ ಹುಡುಗಿಗೆ ಅಪ್ಪ, ಅಮ್ಮ, ಅಣ್ಣ, ಮನೆ, ಊಟ ಎಲ್ಲವೂ ಇದೆ. ಒಂದು ಪುಸ್ತಕ ಕೊಡಿಸಿ ಅಂದರೆ ಅಪ್ಪ ಟೀವಿ ತೋರಿಸುತ್ತಾನೆ. 1911ರ 'ದಿ ಸೀಕ್ರೆಟ್ ಗಾರ್ಡನ್'ನ ಮೇರಿಗೆ ಅಪ್ಪ ಅಮ್ಮ ತೀರಿಕೊಂಡಿದ್ದರೂ ಇರುವುದು ಮಾವನ ದೊಡ್ಡ ಬಂಗಲೆಯಲ್ಲಿ, ಸುತ್ತ ಆಳುಗಳು. ಅವಳನ್ನು ಎಲ್ಲರೂ ಸಿಡುಕಿ, ಹಟಮಾರಿ ಅನ್ನುತ್ತಾರೆ. ತೋಟದಲ್ಲಿ ಒಂಟಿ ಹಕ್ಕಿಯೊಂದನ್ನು ನೋಡಿದಾಗ ಅವಳು "ನಾನೂ ಒಂಟಿ" ಅನ್ನುತ್ತಾಳೆ. ತನ್ನ ಸಿಡುಕಿಗೆ ಇದೂ ಒಂದು ಕಾರಣ ಅಂತ ಅಲ್ಲಿಯವರೆಗೆ ಅವಳಿಗೇ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ಎಷ್ಟು ಮಕ್ಕಳಿಗೆ ಸುಮ್ಮನೆ ಹಟಮಾರಿ ಅಂದಿದ್ದೇನೋ! ಆ ಪುಟ ಓದಿದಾಗಲೆಲ್ಲ ಕಸಿವಿಸಿ ಆಗುತ್ತದೆ.

ಕೊನೆಯಲ್ಲಿ ಶ್ರೀಮಂತ ಬಂಧು ಸಿಕ್ಕಿ ಎಲ್ಲ ಸರಿಹೋಗುವ ಕತೆಗಳು ನನಗೆ ಅಷ್ಟು ಹಿಡಿಸುವುದಿಲ್ಲ. ಆನ್‌ಗೆ ಸಿಗುವವನು ಮ್ಯಾಥ್ಯೂ, ಸಂಕೋಚದ ಮುದುಕ. ಹೊಲದ ಕೆಲಸಕ್ಕೆ ಅನಾಥಾಲಯದಿಂದ ಹುಡುಗ ಬೇಕಿತ್ತು, ಬಂದಿದ್ದು ಹುಡುಗಿ. ಆದರೂ ಗಾಡಿಯಲ್ಲಿ ಬರುವಾಗ, ನೀನು ಎಷ್ಟು ಬೇಕಾದರೂ ಮಾತಾಡು, ನನಗೇನೂ ಬೇಜಾರಿಲ್ಲ ಅನ್ನುತ್ತಾನೆ. ಅವಳಿಗೆ ಮನೆ ಸಿಕ್ಕಿದ್ದು ಅಲ್ಲೇ ಅಂತ ನನಗನ್ನಿಸುತ್ತದೆ, ಊರು ತಲುಪುವ ಮೊದಲೇ. ಠಾಗೋರರ 'ಛುಟಿ' (ರಜೆ) ಕತೆಯಲ್ಲಿ, ತಾಯಿಯನ್ನು ಬಿಟ್ಟು ಸೋದರಮಾವನ ಮನೆಗೆ ಓದಲು ಬಂದ ಫಟಿಕನಿಗೆ ಅದೂ ಸಿಗುವುದಿಲ್ಲ. ತಾಯಿ ಬರುವಷ್ಟರಲ್ಲಿ ತಡವಾಗಿದೆ. ಆ ಕತೆಯನ್ನು ದೊಡ್ಡ ತರಗತಿಯವರಿಗೆ ಮಾತ್ರ ಕೊಡುತ್ತೇವೆ.

ಪ್ರೀತಿ ಇರುವ ಮನೆಯ ಮಗುವಿಗೂ ಒಂದೊಂದು ಸಂಜೆ ತಾನು ಯಾರಿಗೂ ಬೇಡ ಅನ್ನಿಸುತ್ತದೆ ಅಲ್ವಾ? ಅದನ್ನು ಹೇಳಲು ಮಾತು ಸಿಗದಿದ್ದಾಗ ಜೇನ್‌ಳ ಹೆಸರಿನಲ್ಲಿ ಅಳುತ್ತದೆ. ಆಗ ಪುಸ್ತಕ ಕಿತ್ತುಕೊಳ್ಳಬೇಡಿ. ಕತೆಯ ನೀತಿ ಏನು ಅಂತಲೂ ಕೇಳಬೇಡಿ. ನಾನು ಒಮ್ಮೆ ಕೇಳಿದ್ದೆ. ಹುಡುಗಿ ಪುಸ್ತಕ ಮುಚ್ಚಿ "ಸತ್ಯ ಹೇಳಬೇಕು" ಅಂದಳು. ಆ ಕತೆಗೂ ಸತ್ಯಕ್ಕೂ ಸಂಬಂಧವೇ ಇರಲಿಲ್ಲ. ಪಕ್ಕದಲ್ಲಿ ಕೂತು ನೀವೂ ನಾಲ್ಕು ಪುಟ ಓದಿ, ಸಾಕು. "ನಿನ್ನನ್ನು ತೌಡು ಕೊಟ್ಟು ತಂದಿದ್ದು" ಅನ್ನುವ ತಮಾಷೆ ಆ ವಾರಕ್ಕಾದರೂ ಬೇಡ.

ಕೆಲವು ಮಕ್ಕಳಿಗೆ ಇದು ಬರೀ ಕತೆಯಲ್ಲ. ನಿಮ್ಮ ಮನೆಯಲ್ಲಿ ಅಂಥ ಸಂದರ್ಭ ಇದ್ದರೆ ನನಗೊಬ್ಬಳಿಗೇ ತಿಳಿಸಿ. ಪುಸ್ತಕ ಆರಿಸುವಾಗ ನೋಡಿಕೊಳ್ಳುತ್ತೇವೆ.

ಆ ತಾಯಿ ಬಿಟ್ಟುಹೋದ ಪುಸ್ತಕ ನನ್ನ ಮೇಜಿನ ಮೇಲೇ ಇದೆ. ನಡುವೆ ಒಂದು ಪುಟದ ಮೂಲೆ ಮಡಚಿದೆ. ಇನ್ನೂ ಅರ್ಧ ಬಾಕಿ. ಮಗು ಯಾವಾಗ ಬೇಕಾದರೂ ಬಂದು ತೆಗೆದುಕೊಂಡು ಹೋಗಲಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ