ಅವರು ನಿಮಗೆ ಏನಾಗಬೇಕು?

ನಮ್ಮ ಮನೆಯವರು ಆಸ್ಪತ್ರೆಗೆ ಸೇರಿ ಈ ನಾಗರಪಂಚಮಿಗೆ ಒಂದು ವರ್ಷವಾಗುತ್ತದೆ. ಈಗ ಅವರು ಬೆಳಿಗ್ಗೆ ಕೋಲೂರಿಕೊಂಡು ಗೇಟಿನವರೆಗೆ ನಡೆದು ಹಾಲಿನ ಪಾಕೀಟನ್ನು ತಾವೇ ತರುತ್ತಾರೆ; ಪತ್ರಿಕೆಯ ತಲೆಬರಹಗಳನ್ನು ಗಟ್ಟಿಯಾಗಿ ಓದುತ್ತಾರೆ, ನಾಲಿಗೆ ತೊಡರಿದಾಗ ತಾವೇ ಮೊದಲು ನಗುತ್ತಾರೆ. ಏನಾಯಿತು, ಹೇಗಾಯಿತು ಎಂಬುದು ಇದನ್ನು ಓದುವ ಬಹುತೇಕರಿಗೆ ತಿಳಿದಿದೆ. ಆ 41 ದಿನಗಳ ಕಥೆಯನ್ನು ಫೋನಿನಲ್ಲಿ ಹೇಳಿ ಹೇಳಿ, ಕೊನೆಕೊನೆಗೆ ಅದು ಬೇರೆ ಯಾರದೋ ಮನೆಯ ಸುದ್ದಿಯಂತೆ ನನ್ನ ಕಿವಿಗೇ ಕೇಳಿಸತೊಡಗಿತ್ತು. ಆದ್ದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ವರ್ಷ ತುಂಬುವ ಮೊದಲು ಹೇಳಲೇಬೇಕಾದ ಕೃತಜ್ಞತೆಯೊಂದು ಉಳಿದಿದೆ, ಅದಕ್ಕಾಗಿ ಈ ಬರಹ.

ವೈದ್ಯರು, ದಾದಿಯರು, ರಾತ್ರಿಪಾಳಿಯ ಆಯಾಗಳು, ರಕ್ತ ಕೊಡಲು ಸಾಲುಗಟ್ಟಿ ನಿಂತ ನನ್ನ ವಿದ್ಯಾರ್ಥಿಗಳು, ರಜೆಯ ಮೇಲೆ ರಜೆ ಮಂಜೂರು ಮಾಡಿದ ಪ್ರಾಚಾರ್ಯರು, ಪುಣೆಯಿಂದ ಬಂದು ತಿಂಗಳುಗಟ್ಟಲೆ ಮನೆಯಿಂದಲೇ ಕೆಲಸ ಮಾಡಿದ ಮಗ, ಓಡಾಟವನ್ನೆಲ್ಲ ಹೊತ್ತ ನನ್ನ ತಮ್ಮ, ಇವರೆಲ್ಲರಿಗೂ ನಾನು ಋಣಿ. ಇಷ್ಟು ಜನರನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದಕ್ಕೆ ಅವರು ಬೇಸರಪಡುವುದಿಲ್ಲವೆಂದು ಬಲ್ಲೆ. ಅವರಿಗೆಲ್ಲ ನಮ್ಮೊಡನೆ ಹೇಳಿಕೊಳ್ಳಬಹುದಾದ ಒಂದು ಸಂಬಂಧವಿದೆ, ಒಂದು ಹುದ್ದೆಯಿದೆ. ನಾನು ಹೇಳಹೊರಟಿರುವುದು ಅಂಥದ್ದೇನೂ ಇಲ್ಲದವರ ವಿಷಯ.

ಆಸ್ಪತ್ರೆಯ ಮೊದಲ ಅರ್ಜಿಯಲ್ಲಿಯೇ ಒಂದು ಅಂಕಣವಿತ್ತು: ರೋಗಿಯೊಂದಿಗಿನ ಸಂಬಂಧ. ಹೆಂಡತಿ ಎಂದು ಬರೆದೆ. ಮುಂದಿನ ದಿನಗಳಲ್ಲಿ ಪಾಸು ಪಡೆಯುವಲ್ಲಿ, ಔಷಧದ ಚೀಟಿ ಕೊಡುವಲ್ಲಿ, ಒಳಗೆ ಬಿಡುವ ಬಾಗಿಲಿನಲ್ಲಿ, ನನ್ನ ಜೊತೆಗಿದ್ದ ಹೆಂಗಸರನ್ನು ಅದೇ ಪ್ರಶ್ನೆ ಕೇಳುತ್ತಲೇ ಇದ್ದರು, ಅವರು ನಿಮಗೆ ಏನಾಗಬೇಕು ಎಂದು. ಆ ಹೆಂಗಸರು ಆಯಾ ಹೊತ್ತಿಗೆ ಒದಗಿದಂತೆ ಅತ್ತಿಗೆ, ನಾದಿನಿ, ಚಿಕ್ಕಮ್ಮನ ಮಗಳು ಎಂದು ಹೇಳಿ ಒಳಗೆ ಬಂದರು. ಗೆಳತಿ ಎಂದು ಒಬ್ಬರೂ ಹೇಳಲಿಲ್ಲ. ಹೇಳಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ. ಹಳಗನ್ನಡದಲ್ಲಿ ಕೆಳೆ ಎಂದರೆ ಸ್ನೇಹ, ಕೆಳೆಯನೇ ಇಂದಿನ ಗೆಳೆಯ, ಕೆಳದಿಯೇ ಇಂದಿನ ಗೆಳತಿ ಎಂದು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದವಳು ನಾನು. ಸಾವಿರ ವರ್ಷಗಳಿಂದ ಬಳಕೆಯಲ್ಲಿರುವ ಶಬ್ದವೊಂದಕ್ಕೆ ಒಂದು ಪಾಸು ದೊರಕಿಸುವಷ್ಟು ಬೆಲೆಯೂ ಇಲ್ಲವೆಂಬುದು ಗೊತ್ತಾದದ್ದು ಮಾತ್ರ ಆ ಬಾಗಿಲಿನಲ್ಲಿ.

ನಾವು 11 ಮಂದಿ. 2009ರಲ್ಲಿ ಒಂದು ಭಿಶಿಯನ್ನು ಆರಂಭಿಸಿದೆವು. ಮೈಸೂರು ಸೀಮೆಯವರು ಚೀಟಿ ಎನ್ನುವುದೇ ನಮ್ಮ ಧಾರವಾಡದ ಕಡೆ ಭಿಶಿ: ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದು, ಎಲ್ಲರೂ ಒಂದೇ ಮೊತ್ತ ಹಾಕುವುದು, ಹೆಸರೆತ್ತುವುದು, ಬಂದವರು ಅಷ್ಟೂ ಹಣ ಒಯ್ಯುವುದು. ಆಗ 500 ರೂಪಾಯಿ ಇದ್ದದ್ದು ಈಗ 5,000 ಆಗಿದೆ. ನಿಜ ಹೇಳಬೇಕೆಂದರೆ ನಮಗೆ ಬೇಕಾಗಿದ್ದುದು ಹಣವಾಗಿರಲಿಲ್ಲ. ಗಂಡಸರಿಗೆ ಕಟ್ಟೆಯಿದೆ, ಚಹಾದ ಅಂಗಡಿಯಿದೆ. ಸುಮ್ಮನೆ ಗೆಳೆಯರನ್ನು ನೋಡಲು ಹೋಗುತ್ತೇನೆ ಎಂದರೆ ಯಾರೂ ಏಕೆಂದು ಕೇಳುವುದಿಲ್ಲ. ನಮ್ಮ ಅವ್ವಂದಿರು ಸೇರುತ್ತಿದ್ದುದು ನೀರಿಗೆ ಹೋದಾಗ, ಶಾವಿಗೆ ಹೊಸೆಯುವಾಗ, ಯಾರದೋ ಉಡಿ ತುಂಬುವಾಗ. ಕೈಗೆ ಒಂದು ಕೆಲಸವಿರದೆ ಹೆಂಗಸರು ಸೇರುವುದನ್ನು ನಮ್ಮ ಮನೆಗಳು ಒಪ್ಪಿದ್ದೇ ಕಡಿಮೆ. ಭಿಶಿ ನಮಗೆ ಅಂಥ ಒಂದು ಕೆಲಸವಾಯಿತು. ‘ಇವತ್ತು ಭಿಶಿ ಐತಿ’ ಎಂದರೆ ಅತ್ತೆಯವರೂ ಮರುಮಾತಾಡುತ್ತಿರಲಿಲ್ಲ, ಏಕೆಂದರೆ ಅದು ಲೆಕ್ಕದ ವ್ಯವಹಾರ. ಚೀಟಿ ಎತ್ತುವುದಕ್ಕೆ ಹತ್ತು ನಿಮಿಷ ಸಾಕು. ನಾವು ಮೂರು ತಾಸು ಕೂರುತ್ತಿದ್ದೆವು. ಇದೇ ಊರಿನಲ್ಲಿ 1920ರ ದಶಕದಲ್ಲಿ ಬೇಂದ್ರೆ ಮತ್ತು ಅವರ ಜೊತೆಯ ಸಾಹಿತಿಗಳ ‘ಗೆಳೆಯರ ಗುಂಪು’ ಇತ್ತು, ಅದರ ಚರಿತ್ರೆಯನ್ನು ನಾನೇ ಪಾಠ ಮಾಡಿದ್ದೇನೆ. ಆ ಕಾಲದ ಗೆಳತಿಯರು ಎಲ್ಲಿ ಸೇರುತ್ತಿದ್ದರು, ಏನು ಮಾತಾಡುತ್ತಿದ್ದರು ಎಂದು ಯಾವ ವಿದ್ಯಾರ್ಥಿನಿಯೂ ಕೇಳಲಿಲ್ಲ. ನನಗೂ ಕೇಳಿಕೊಳ್ಳಬೇಕೆಂದು ತೋಚಿರಲಿಲ್ಲ.

ಆ ತಿಂಗಳು ಭಿಶಿಯ ಚೀಟಿ ಎತ್ತಲೇ ಇಲ್ಲ. ಆ ಸುತ್ತಿನಲ್ಲಿ ನನ್ನ ಪಾಳಿ ಆಗಲೇ ಮುಗಿದಿತ್ತು, ನಿಯಮದಂತೆ ನನಗೆ ಏನೂ ಬರಬೇಕಾಗಿರಲಿಲ್ಲ. ಆದರೂ ನಮ್ಮ ಖಜಾಂಚಿ ನನ್ನ ಪಾಲಿನ 5,000ವನ್ನೂ ತಾವೇ ಸೇರಿಸಿ, 55,000 ರೂಪಾಯಿಯನ್ನು ಲಕೋಟೆಯಲ್ಲಿಟ್ಟು, ಆಸ್ಪತ್ರೆಯ ಕೌಂಟರಿನ ಮುಂದೆ ನನ್ನ ಕೈಯಲ್ಲಿ ಹಿಡಿಸಿ, ಎಣಿಸಿಕೋ ಎಂದರು. ನಿವೃತ್ತಿಯಾಗುವವರೆಗೆ ಬ್ಯಾಂಕಿನಲ್ಲಿದ್ದವರು, ಎಣಿಸದೆ ಹಣ ಪಡೆಯುವುದನ್ನು ಸಹಿಸುವುದಿಲ್ಲ. ನಾನು ಅಳುತ್ತಲೇ ಎಣಿಸಿದೆ. ಆ ಹಣವನ್ನು ಮುಂದಿನ 11 ತಿಂಗಳಲ್ಲಿ ತೀರಿಸಿದೆನಾದರೂ, ನನ್ನಿಂದಾಗಿ ಸುತ್ತು ಒಂದು ತಿಂಗಳು ಉದ್ದವಾದದ್ದನ್ನು ಯಾರೊಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ. ವಿದ್ಯಾಗಿರಿಯ ಗೆಳತಿ ಧಾರವಾಡದಿಂದ ಹುಬ್ಬಳ್ಳಿಗೆ ದಿನಾಲೂ ಚಿಗರಿ ಬಸ್ಸಿನಲ್ಲಿ ಬಂದು ಬುತ್ತಿ ಕೊಟ್ಟು, ಅದೇ ಬಸ್ಸಿನಲ್ಲಿ ಮರಳುತ್ತಿದ್ದರು. ಮತ್ತೊಬ್ಬರು ನಮ್ಮ ಮನೆಯ ಬೀಗದ ಕೈ ಒಯ್ದು ತುಳಸಿಗೆ ನೀರೆರೆದರು. ಉಳಿದವರು ಮಾಡಿದ್ದನ್ನೂ ಹೀಗೆಯೇ ಹೇಳುತ್ತ ಹೋದರೆ ಅವರೇ ನನ್ನನ್ನು ಗದರಿಸುತ್ತಾರೆ.

ಇನ್ನು ಸವದತ್ತಿ ಅಕ್ಕ. ಹೆಸರು ಬರೆಯಬೇಡ ಎಂದು ಹೇಳಿದ್ದಾರೆ. ಅವರ ತವರು ಸವದತ್ತಿಯಾದುದರಿಂದ ನಮ್ಮ ಗುಂಪಿನಲ್ಲಿ ಅವರನ್ನು ಕರೆಯುವುದೇ ಹಾಗೆ. ಪ್ರಾಥಮಿಕ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತರಾದವರು. ಗಂಡನನ್ನು ಕಳೆದುಕೊಂಡು ಬಹಳ ವರ್ಷಗಳಾಗಿವೆ. ಒಪ್ಪಿಕೊಳ್ಳಬೇಕಾದ ಮಾತೆಂದರೆ, 11 ಮಂದಿಯಲ್ಲಿ ನನಗೆ ಅತ್ಯಂತ ದೂರವಾಗಿದ್ದವರು ಅವರೇ. ಅವರ ಮಾತು ಬಹಳ ನೇರ. ಒಮ್ಮೆ ಎಲ್ಲರ ಎದುರಿಗೆ, ‘ನೀ ಕಾಲೇಜಿನ್ಯಾಗ ಮಾತಾಡಿದಂಗನ ಮನ್ಯಾಗೂ ಮಾತಾಡ್ತೀ’ ಎಂದಿದ್ದರು. ಆ ಮಾತು ನನಗೆ ವರ್ಷಗಟ್ಟಲೆ ಚುಚ್ಚುತ್ತಿತ್ತು. ಈ ಬರಹವನ್ನು ಓದಿದರೂ ಅದನ್ನೇ ಅನ್ನುತ್ತಾರೆ.

ಮನೆಯವರನ್ನು ಆಸ್ಪತ್ರೆಗೆ ಸೇರಿಸಿದ್ದು ಪಂಚಮಿಗೆ ಮೊದಲು ಬರುವ ರೊಟ್ಟಿ ಹಬ್ಬದ ದಿನ. ಮರುದಿನ ಅಕ್ಕ ಪಂಚಮಿಗೆಂದು ತವರಿಗೆ ಹೊರಟಿದ್ದರು. ಬಸ್ಸು ಅಮ್ಮಿನಭಾವಿ ತಲುಪುವ ಹೊತ್ತಿಗೆ ಖಜಾಂಚಿಯ ಫೋನು ಹೋಯಿತು. ಅವರು ಅಲ್ಲಿಯೇ ಇಳಿದು, ಎದುರಿನಿಂದ ಬಂದ ಬಸ್ಸನ್ನು ಹತ್ತಿ ಧಾರವಾಡಕ್ಕೆ, ಅಲ್ಲಿಂದ ಹುಬ್ಬಳ್ಳಿಗೆ ಬಂದರು. ಪಂಚಮಿಗೆ ತವರಿಗೆಂದು ಹೊರಟು ದಾರಿಯಿಂದಲೇ ಹಿಂದಿರುಗುವುದೆಂದರೆ ಏನೆಂಬುದನ್ನು ನಮ್ಮ ಭಾಗದ ಹೆಣ್ಣುಮಕ್ಕಳಿಗೆ ನಾನು ವಿವರಿಸಬೇಕಾಗಿಲ್ಲ. ಸಂಜೆ ಏಳಕ್ಕೆ ತೀವ್ರ ನಿಗಾ ಘಟಕದ ಹೊರಗೆ ನಾನು ಕುಳಿತಿದ್ದಾಗ, ಹೆಗಲಿಗೊಂದು ಚೀಲ, ಕೈಯಲ್ಲೊಂದು ದೊಡ್ಡ ಸ್ಟೀಲಿನ ಡಬ್ಬಿ ಹಿಡಿದು, ಬಸ್ಸಿನ ಧೂಳಿನಲ್ಲಿಯೇ ಎದುರು ನಿಂತಿದ್ದರು. ಡಬ್ಬಿಯ ತುಂಬ ತಮ್ಮನ ಮೊಮ್ಮಕ್ಕಳಿಗೆಂದು ಕಟ್ಟಿದ್ದ ಉಂಡಿ.

ರಾತ್ರಿ ಒಬ್ಬರಿಗಷ್ಟೇ ಇರಲು ಅನುಮತಿ. ಕಾವಲಿನವನು ಬಂದು ವಾಡಿಕೆಯ ಪ್ರಶ್ನೆ ಕೇಳಿದ. ‘ಇಕಿಗೆ ಅಕ್ಕ ಆಗಬೇಕು ನಾ’ ಎಂದರು. ಇವರಿಗಲ್ಲ, ಪೇಶಂಟಿಗೆ ಏನಾಗಬೇಕೆಂದು ಅವನು ಮತ್ತೆ ಕೇಳಿದ. ‘ಪೇಶಂಟಿನ್ನ ಒಳಗ ನೀವೆಲ್ಲಾ ಸೇರಿ ನೋಡ್ಕೋತೀರಿ. ಹೊರಗ ಇಕಿನ್ನ ಯಾರು ನೋಡ್ಕೋಬೇಕು, ನೀನs ಹೇಳಪಾ’ ಎಂದರು. ಅವನು ಸ್ವಲ್ಪ ಹೊತ್ತು ನಿಂತಿದ್ದು, ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು ಹೋದ.

ಆ ರಾತ್ರಿ ಒಂದು ಗಂಟೆಗೆ ಒಳಗಿನಿಂದ ಒಪ್ಪಿಗೆಯ ಕಾಗದಗಳು ಬಂದವು. ನನ್ನ ಕಣ್ಣಿಗೆ ಅಕ್ಷರಗಳು ಕಾಣುತ್ತಿರಲಿಲ್ಲ. ಅಕ್ಕ ಕನ್ನಡಕ ಏರಿಸಿ, ಒಂದನೆಯ ಇಯತ್ತೆಯ ಮಕ್ಕಳಿಗೆ ಓದಿಸುವಂತೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೋದರು. ತಿಳಿಯದ ಕಡೆಗಳಲ್ಲಿ ನಿಲ್ಲಿಸಿ, ಕಿರಿಯ ವೈದ್ಯನಿಗೆ ‘ತಮ್ಮಾ, ಇದನ್ನ ಕನ್ನಡದಾಗ ಹೇಳು’ ಎಂದರು. ಆ ಹುಡುಗ ನಿಂತು, ತಾಳ್ಮೆಯಿಂದ, ಮೂರು ಸಲ ಹೇಳಿದ. ಅನಂತರವಷ್ಟೇ ನನ್ನ ಕೈಗೆ ಪೆನ್ನು ಬಂತು. ಅಂದಿನಿಂದ ಬಂದ ರಸೀದಿಗಳನ್ನೆಲ್ಲ ಅವರು ಹಾಜರಿ ಪುಸ್ತಕದ ಶಿಸ್ತಿನಲ್ಲಿ ತಾರೀಖಿನ ಪ್ರಕಾರ ಜೋಡಿಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರು. ಮುಂದೆ ವಿಮೆಯವರು ಮೂಲ ರಸೀದಿಗಳನ್ನು ಕೇಳಿದಾಗ ಒಂದೂ ಕಳೆದಿರಲಿಲ್ಲ.

ಮುಂದಿನದನ್ನು ಬರೆಯಬೇಕೇ ಬೇಡವೇ ಎಂದು ತಿಂಗಳುಗಟ್ಟಲೆ ಯೋಚಿಸಿದ್ದೇನೆ. ಬೆಳಗಿನ ಮೂರರ ಸುಮಾರಿಗೆ, ಒಳಗಿನಿಂದ ಏನೂ ಸುದ್ದಿ ಬಾರದೆ, ಗೋಡೆಯ ಗಡಿಯಾರದ ಮುಳ್ಳು ಸರಿಯುವ ಸದ್ದೇ ಜೋರಾಗಿ ಕೇಳುತ್ತಿದ್ದಾಗ, ನಾನು ಒಂದು ಮಾತು ಆಡಿದೆ. ಸಾಕಾಯಿತು, ಹೀಗೆ ನರಳುವುದಕ್ಕಿಂತ ಹೋಗುವುದಾದರೆ ಹೋಗಿಬಿಡಲಿ, ನನಗೂ ಒಮ್ಮೆ ಮುಗಿಯಲಿ ಎಂದೆ. ನನಗೂ ಎಂಬ ಆ ಶಬ್ದ ನನ್ನ ಬಾಯಿಂದಲೇ ಬಂತು. 28 ವರ್ಷ ಜೊತೆಗೆ ಬಾಳಿದ ಮನುಷ್ಯ ಒಂದು ಗೋಡೆಯ ಆಚೆ ಉಸಿರಿಗಾಗಿ ಹೆಣಗುತ್ತಿರುವಾಗ, ನಾನು ನನ್ನ ದಣಿವನ್ನು ಎಣಿಸುತ್ತಿದ್ದೆ.

ಬೇರೆ ಯಾರೇ ಆಗಿದ್ದರೂ ‘ಬಿಡ್ತು ಅನ್ನು’ ಎನ್ನುತ್ತಿದ್ದರು. ನನ್ನ ಅವ್ವನಿದ್ದಿದ್ದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅಕ್ಕ ಹಾಗೆ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೂ ಅಂದಿದ್ದೆ’ ಎಂದರು. ಯಾವಾಗ, ಯಾರ ಬಗ್ಗೆ ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದು, ಒಂದು ಎಳ್ಳುಂಡಿಯನ್ನು ಎರಡು ಹೋಳು ಮಾಡಿ, ಅರ್ಧ ನನ್ನ ಕೈಗಿಟ್ಟು, ‘ತಿನ್ನು, ನಸುಕಿನ್ಯಾಗ ಡಾಕ್ಟರು ಬಂದಾಗ ನಿಂದ್ರಾಕ ಕಾಲಿಗೆ ಬಲ ಬೇಕು’ ಎಂದರು. ನಾವಿಬ್ಬರೂ ಆ ಕುರ್ಚಿಗಳಲ್ಲಿ ಕುಳಿತು ಪಂಚಮಿಯ ಉಂಡಿ ತಿಂದೆವು. ಬೆಳಕು ಹರಿಯುವ ಹೊತ್ತಿಗೆ ವೈದ್ಯರು ಹೊರಗೆ ಬಂದರು. ಅವರು ಹೇಳಿದ್ದು ನಿಮಗೆಲ್ಲ ಗೊತ್ತಿದೆ.

ನನಗೆ ಸಮಾಧಾನ ಹೇಳಿದವರು ಬಹಳ ಜನ, ಅವರ ಪ್ರೀತಿಯ ಬಗ್ಗೆ ನನಗೆ ಸಂದೇಹವಿಲ್ಲ. ಧೈರ್ಯ ತಂದುಕೋ, ದೇವರಿದ್ದಾನೆ, ನೀನು ಗಟ್ಟಿಗಿತ್ತಿ ಎಂಬ ಮಾತುಗಳಿಗೆ ನಾನು ತಲೆಯಾಡಿಸುತ್ತಿದ್ದೆ, ಆಮೇಲೆ ಆ ಗಟ್ಟಿಗಿತ್ತಿಯ ಪಾತ್ರವನ್ನು ಅವರ ಮುಂದೆ ನಿರ್ವಹಿಸುವ ಕೆಲಸವೂ ನನ್ನ ಮೇಲೆಯೇ ಬೀಳುತ್ತಿತ್ತು. ಅಕ್ಕನ ಎದುರಿಗೆ ಆ ಕೆಲಸ ಇರಲಿಲ್ಲ. ಮುಂದಿನ ಮೂರು ವಾರಗಳಲ್ಲಿ ಅವರು ಒಂಬತ್ತು ರಾತ್ರಿ ಬಂದು ಮಲಗಿದರು. ಆ ಮಾತನ್ನು ಇಂದಿನವರೆಗೆ ಎತ್ತಿಲ್ಲ. ನನ್ನ ಒಳ್ಳೆಯತನವನ್ನು ನೋಡಿ ಗೆಳತಿಯರಾದವರು ಹಲವರಿದ್ದಾರೆ. ನನ್ನ ಅತ್ಯಂತ ಕೆಟ್ಟ ಮಾತನ್ನು ಕೇಳಿಯೂ ಕುರ್ಚಿಯನ್ನು ದೂರ ಸರಿಸದವರು ಅವರೊಬ್ಬರು.

ಕಳೆದ ದಸರೆಗೆ 11 ಮಂದಿಯೂ ನಮ್ಮ ಮನೆಗೆ ಬನ್ನಿ ಕೊಡಲು ಬಂದಿದ್ದರು. ಮನೆಯವರು ಅಂದು ಮೊದಲ ಬಾರಿಗೆ ಪಡಸಾಲೆಯವರೆಗೆ ನಡೆದು ಬಂದು, ಬಂಗಾರದಂತೆ ಇರೋಣ ಎಂಬ ಮಾತನ್ನು ಪೂರ್ತಿ ಹೇಳಲಾರದೆ ‘ಬಂಗಾರ, ಬಂಗಾರ’ ಎಂದಷ್ಟೇ ಹೇಳಿ ಎಲ್ಲರ ಕೈಗೂ ಎಲೆಯನ್ನಿಟ್ಟರು. ನಾನು ಮೇಲೆ 11 ಎಂದು ಬರೆದಿದ್ದು ತಪ್ಪು. ನನ್ನನ್ನು ಬಿಟ್ಟರೆ ಹತ್ತು. ಆದರೆ ಆ ದಿನ ನಾನೂ ಅವರೊಂದಿಗೆ ಹೊಸ್ತಿಲ ಹೊರಗೆ ನಿಂತು, ನಮ್ಮ ಮನೆಗೆ ನಾನೇ ಅತಿಥಿಯಾಗಿ ಬನ್ನಿ ಪಡೆದೆ, ಆದ್ದರಿಂದ ಲೆಕ್ಕ ಹಾಗೆಯೇ ಇರಲಿ.

ಇದನ್ನು ಹೊರಗೆ ಹಾಕುವ ಮೊದಲು ಮನೆಯವರಿಗೆ ಓದಿ ಹೇಳಿದೆ. ಬೆಳಗಿನ ಮೂರರ ಭಾಗ ಬಂದಾಗ ನನ್ನ ಧ್ವನಿ ನಿಂತಿತು. ಅವರು ನನ್ನ ಕೈಯಿಂದ ಕಾಗದ ತೆಗೆದುಕೊಂಡು ತಾವೇ ಓದಿದರು, ತಡವರಿಸುತ್ತ, ಸಾಲಿನ ಕೆಳಗೆ ಬೆರಳಿಟ್ಟು. ಮುಗಿಸಿ, ‘ಒಳಗ ಮಲಗಿದ್ದಾಗ ನಾನೂ ಅದನ್ನ ಅಂದಿದ್ದೆ’ ಎಂದರು. ಆಮೇಲೆ ಚಹಾ ಕೇಳಿದರು.

ಅಕ್ಕನ ಸ್ಟೀಲಿನ ಡಬ್ಬಿ ಒಂದು ವರ್ಷದಿಂದ ನಮ್ಮ ಅಡುಗೆಮನೆಯಲ್ಲಿದೆ. ಡಬ್ಬಿಯನ್ನು ಖಾಲಿ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ. ತುಂಬಿ ಕೊಡಬೇಕೆಂದು ಇಷ್ಟು ದಿನ ಮುಂದೂಡಿದೆ. ಈ ವಾರ ಎಳ್ಳು ಹುರಿದಿದ್ದೇನೆ, ಬೆಲ್ಲ ತಂದಿದ್ದೇನೆ. ಈ ಬಾರಿ ಅವರು ಸವದತ್ತಿಗೆ ಹೋಗಲೇಬೇಕು, ನಾನೇ ಬಸ್ ನಿಲ್ದಾಣಕ್ಕೆ ಬಂದು ಡಬ್ಬಿ ಕೊಟ್ಟು ಕಳಿಸುತ್ತೇನೆ ಎಂದು ನಿನ್ನೆ ಫೋನು ಮಾಡಿದೆ. ‘ಪಾಕ ಗಟ್ಟಿ ಮಾಡಬ್ಯಾಡ, ನನ್ನ ಹಲ್ಲು ಮೊದಲಿನಂಗಿಲ್ಲ’ ಎಂದು ಫೋನು ಇಟ್ಟರು.